ಓರಗಿತ್ತಿಯರ ಲೆಕ್ಕ

ಆ ಮನೆಯಲ್ಲಿ ಸೊಸೆಯಂದಿರು ಇಬ್ಬರು, ಒಲೆ ಒಂದೇ. ಇಷ್ಟು ವರ್ಷವಾದರೂ ಒಲೆಯ ವಿಚಾರಕ್ಕೆ ಇಬ್ಬರ ನಡುವೆ ಒಂದು ಗಡಸು ಮಾತು ಬಂದಿಲ್ಲ ಎಂದರೆ ಬೀದಿಯವರು ನಂಬುತ್ತಿರಲಿಲ್ಲ. ಕಾರಣ ಮಾತ್ರ ಬಹಳ ಸರಳವಾಗಿತ್ತು. ದೊಡ್ಡ ಸೊಸೆಗೆ ಅಡುಗೆ ಬರುತ್ತಿರಲಿಲ್ಲ, ಚಿಕ್ಕ ಸೊಸೆಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ದೊಡ್ಡವಳು ಬೀದಿ ಕಡೆಯ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಯುತ್ತಿದ್ದಳು. ಎಲ್ಲರ ಬಾಯಲ್ಲಿ ಅವಳು ಟೈಲರಮ್ಮ. ಚಿಕ್ಕವಳು ಹಿಂದಿನ ಅಡುಗೆಮನೆಯಲ್ಲಿ ನಿಂತು ಏಳು ಜನರ ಹೊಟ್ಟೆ ನೋಡಿಕೊಳ್ಳುತ್ತಿದ್ದಳು: ಅಣ್ಣತಮ್ಮಂದಿರಿಬ್ಬರು, ಅತ್ತೆ, ಓರಗಿತ್ತಿಯರು, ಇಬ್ಬರು ಹೆಣ್ಣುಮಕ್ಕಳು. ಲೆಕ್ಕಕ್ಕಿಲ್ಲದ ಎಂಟನೆಯ ಹೊಟ್ಟೆ ಬೆಕ್ಕಿನದು. ಯಾರು ಪುಸ್ತಕ ಬಿಚ್ಚಿದರೂ ಬಂದು ಅದರ ಮೇಲೆ ಕೂತು ಗಂಭೀರವಾಗಿ ಕಣ್ಣು ಅರೆಮುಚ್ಚುತ್ತಿತ್ತಾದ್ದರಿಂದ ಅದಕ್ಕೆ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು.

ಟೈಲರಮ್ಮನ ಮಗಳನ್ನು ಚೂಟಿ ಎನ್ನುತ್ತಿದ್ದರು. ಓರಗಿತ್ತಿಯ ಮಗಳು ಗುಂಡಿ. ಹುಟ್ಟಿದಾಗ ಕೋಟಿನ ಗುಂಡಿಯ ಹಾಗೆ ದುಂಡಗಿದ್ದಳೆಂದು ಟೈಲರಮ್ಮನೇ ಇಟ್ಟ ಹೆಸರು ಅದು. ಇಬ್ಬರೂ ಒಂದೇ ತಿಂಗಳಲ್ಲಿ ಹುಟ್ಟಿದವರು, ಒಂದೇ ಬೆಂಚಿನಲ್ಲಿ ಕೂರುವವರು. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳಿಗೂ ಔಷಧಿ ಕುಡಿಸಿಬಿಡುವುದು ಮನೆಯ ರೂಢಿ. ಹೇಗಿದ್ದರೂ ಸಂಜೆಯೊಳಗೆ ಅವಳೂ ಸೀನುತ್ತಿದ್ದಳು. ವ್ಯತ್ಯಾಸವೆಂದರೆ ಗಣಿತ. ಚೂಟಿ ಲೆಕ್ಕವನ್ನು ಕಡಲೆಕಾಯಿ ಸುಲಿದ ಹಾಗೆ ಬಿಡಿಸಿ ಎಸೆಯುತ್ತಿದ್ದಳು. ಗುಂಡಿ ಪೆನ್ಸಿಲಿನ ತುದಿ ಕಚ್ಚಿ ಕಚ್ಚಿ ಮರ ತಿಂದರೂ ಉತ್ತರ ಹೊರಬರುತ್ತಿರಲಿಲ್ಲ.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಚೂಟಿಯೇ ಸುದ್ದಿ ಹೇಳಿದಳು.

"ಅರ್ಧವಾರ್ಷಿಕ ಪರೀಕ್ಷೆ ಆದ್ಮೇಲೆ ನಮ್ಮ ಕ್ಲಾಸನ್ನ ಎರಡು ಭಾಗ ಮಾಡ್ತಾರಂತೆ. ಮಾರ್ಕ್ಸ್ ಜಾಸ್ತಿ ತಗೊಂಡೋರು ಎ ಸೆಕ್ಷನ್, ಉಳಿದೋರೆಲ್ಲ ಬಿ."

"ಒಳ್ಳೇದೇ ಆಯ್ತಲ್ಲ," ಎಂದಳು ಟೈಲರಮ್ಮ. "ಓದೋರು ಓದೋರ ಜೊತೆ ಇರ್ತಾರೆ. ನೀನಂತೂ ಎ, ಅದರಲ್ಲೇನು ಕೇಳೋದು."

"ಮತ್ತೆ ನಾನು ದೊಡ್ಡಮ್ಮ?" ಎಂದಳು ಗುಂಡಿ.

ಟೈಲರಮ್ಮ ನಕ್ಕಳು. ಅದರಲ್ಲಿ ಕೆಟ್ಟತನ ಇರಲಿಲ್ಲ. ಆ ಹುಡುಗಿಯನ್ನು ತನ್ನ ಮಡಿಲಲ್ಲೇ ಬೆಳೆಸಿದ್ದಳು. "ನೀನು ಬಿ ಸೆಕ್ಷನ್‌ಗೆ ರಾಣಿ ಆಗು ಪುಟ್ಟಿ. ಎಲ್ರೂ ಡಾಕ್ಟರೇ ಆಗ್ಬಿಟ್ರೆ ಕಾಯಿಲೆ ಬೀಳೋರು ಯಾರು?"

ಗಂಡಸರಿಬ್ಬರೂ ನಕ್ಕರು. ಬಡಿಸುತ್ತಿದ್ದ ಚಿಕ್ಕ ಸೊಸೆಯೂ ನಕ್ಕಳು. ಆದರೆ ಗುಂಡಿಯ ತಟ್ಟೆಗೆಂದು ಎತ್ತಿದ ಅನ್ನ ಅತ್ತೆಯ ತಟ್ಟೆಗೆ ಬಿತ್ತು.

"ಸಾಕು ಅಂದೆನಲ್ಲೇ, ನನ್ನನ್ನೇನು ಕುಸ್ತಿಗೆ ಕಳಿಸ್ತೀಯಾ?" ಎಂದರು ಅತ್ತೆ.

ಆಮೇಲಿನ ವಾರಗಳಲ್ಲಿ ಟೈಲರಮ್ಮನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮಕ್ಕಳ ಶಾಲೆಯವರು ಯೂನಿಫಾರಮ್ಮಿನ ಬಣ್ಣ ಬದಲಿಸಿದ್ದರು. ಕೋಣೆಯ ತುಂಬ ನೀಲಿ ಬಟ್ಟೆ. ಕತ್ತರಿಸುವ ಮೇಜಿನ ಮೇಲೆ ನೀಲಿ, ಮಂಚದ ಮೇಲೆ ನೀಲಿ, ಮೇಷ್ಟ್ರ ಮೈಮೇಲೂ ನೀಲಿ ದಾರ. ಮಗಳು ಓದುತ್ತಿದ್ದಾಳೋ ಇಲ್ಲವೋ ಎಂದು ನೋಡಲು ಹೊತ್ತಿರಲಿಲ್ಲ. ಮಿಷನ್ ತುಳಿಯುತ್ತಲೇ ಕೂಗುತ್ತಿದ್ದಳು.

"ಪರೀಕ್ಷೆ ಹತ್ರ ಬಂತು ಕಣೇ, ಓದ್ಕೊಂಡ್ಯಾ?"

"ಎಲ್ಲ ಬರುತ್ತಮ್ಮ," ಎನ್ನುತ್ತಿದ್ದಳು ಚೂಟಿ, ಬೆಕ್ಕನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು ಕಥೆಪುಸ್ತಕ ಓದುತ್ತಾ.

ಬರುತ್ತದೆ ಎಂಬುದು ನಿಜವೂ ಆಗಿತ್ತು. ಟೈಲರಮ್ಮ ನಿಶ್ಚಿಂತಳಾಗಿ ಕಾಲರು ಕೂಡಿಸುತ್ತಿದ್ದಳು. ಒಂದು ವಿಷಯ ಮಾತ್ರ ಅವಳ ಗಮನಕ್ಕೆ ಬಂದಿತ್ತು. ಓರಗಿತ್ತಿ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಗುಂಡಿಯನ್ನೂ ಕರೆದುಕೊಂಡು ಮಹಡಿಗೆ ಹೋದರೆ ಬೇಗ ಇಳಿಯುತ್ತಲೇ ಇರಲಿಲ್ಲ.

"ಅಲ್ವೇ, ಇವಳು ಬಟ್ಟೆ ಒಣಗ್ಸೋಕೆ ಹೋದ್ಲೋ, ನೇಯೋಕೆ ಹೋದ್ಲೋ?" ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಗಾಳಿ ತಗೊಳ್ಳಲಿ ಬಿಡಿ ಅತ್ತೆ, ಇಡೀ ದಿನ ಒಲೆ ಮುಂದೆ ಇರ್ತಾಳೆ," ಎನ್ನುತ್ತಿದ್ದಳು ಟೈಲರಮ್ಮ.

ಪರೀಕ್ಷೆ ಮುಗಿಯಿತು. ಫಲಿತಾಂಶದ ದಿನ ಮಕ್ಕಳಿಬ್ಬರೂ ಎಂದಿನಂತೆ ಕೈಹಿಡಿದು ಬರದೆ ಒಬ್ಬಳ ಹಿಂದೆ ಒಬ್ಬಳು ಬಂದರು. ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು.

"ಏನಾಯ್ತು?"

"ನಾನು ಬಿ," ಎಂದಳು ಚೂಟಿ.

"ತಮಾಷೆ ಸಾಕು. ನೀನು ಹೇಳೇ ಗುಂಡಿ."

ಗುಂಡಿ ಬಾಗಿಲಿಗೆ ಒರಗಿ ನಿಂತಿದ್ದಳು. "ನಾನು ಎ, ದೊಡ್ಡಮ್ಮ," ಎಂದವಳೇ ಗೊಳೋ ಎಂದು ಅತ್ತುಬಿಟ್ಟಳು. ಮೇಲಿನ ಸೆಕ್ಷನ್ನು ಸಿಕ್ಕವಳು ಅಳುತ್ತಿದ್ದಾಳೆ, ಕೆಳಗಿನದು ಸಿಕ್ಕವಳು ಗೋಡೆ ನೋಡುತ್ತಿದ್ದಾಳೆ. ಟೈಲರಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ.

ಗುಂಡಿಯ ಅಪ್ಪ ಬೇಕರಿಯ ವ್ಯಾನು ಓಡಿಸುತ್ತಿದ್ದ. ಅಂದು ಸಂಜೆ ಬರುವಾಗ ಒಂದು ಕೇಕು ತಂದ. ಚಿಕ್ಕವಳು ಅದನ್ನು ಏಳು ತುಂಡು ಮಾಡಿ ಎಲ್ಲರಿಗಿಂತ ಮೊದಲು ಟೈಲರಮ್ಮನ ಕೋಣೆಗೇ ತಂದಳು. ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು, ಅದನ್ನು ತೋರಿಸಿಕೊಳ್ಳಲು ಸಂಕೋಚವೂ ಇತ್ತು.

"ತಗೊಳ್ಳಿ ಅಕ್ಕ. ಚೂಟಿ ಬಗ್ಗೆ ಯೋಚ್ನೆ ಮಾಡ್ಬೇಡಿ. ಯಾವುದೋ ಒಂದು ದಿನ ಕೆಟ್ಟಿರತ್ತೆ ಅಷ್ಟೆ."

"ಹೂಂ," ಎಂದಳು ಟೈಲರಮ್ಮ. ಕೇಕನ್ನು ಮಿಷನ್ನಿನ ಪಕ್ಕ ಇಟ್ಟಳು. ಓರಗಿತ್ತಿ ಹೋದಮೇಲೆ ಮಗಳನ್ನು ಕರೆದಳು. "ಪರೀಕ್ಷೇಲಿ ಗುಂಡಿ ಎಲ್ಲಿ ಕೂತಿದ್ಲು?"

"ನನ್ನ ಹಿಂದೆ."

"ನಿನ್ನ ಪೇಪರು ಕಾಣ್ತಿತ್ತಾ ಅವಳಿಗೆ?"

ಚೂಟಿ ಕಣ್ಣರಳಿಸಿದಳು. "ಅಮ್ಮಾ, ಅವಳು ಹಂಗೆಲ್ಲ ಮಾಡಲ್ಲ!"

"ನಾನು ಮಾಡಿದ್ಲು ಅಂದ್ನಾ? ಕೇಳ್ದೆ ಅಷ್ಟೆ."

ಆದರೆ ತಲೆಗೆ ಹೊಕ್ಕ ಹುಳ ಹೊಕ್ಕಿದ್ದೇ. ತಾನು ಹತ್ತನೇ ಕ್ಲಾಸು ಪಾಸಾದವಳು. ಆ ಮನೆಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇಲ್ಲ. ಓರಗಿತ್ತಿ ಏಳಕ್ಕೇ ಶಾಲೆ ಬಿಟ್ಟವಳು. ಮೊನ್ನೆಯವರೆಗೆ ಭಾಗಾಕಾರಕ್ಕೆ ತಡವರಿಸುತ್ತಿದ್ದ ಹುಡುಗಿಗೆ ಇದ್ದಕ್ಕಿದ್ದಂತೆ ಲೆಕ್ಕ ಬರುವುದೆಂದರೇನು? ಮರುದಿನ ಹೊಲಿದ ಬಟ್ಟೆ ಕೊಟ್ಟು ಬರುತ್ತೇನೆಂದು ಹೊರಟವಳು ನೇರ ಶಾಲೆಗೆ ಹೋದಳು.

ಕ್ಲಾಸ್ ಟೀಚರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಟೈಲರಮ್ಮ ಮೊದಲು ಪೇಪರು ಅದಲುಬದಲಾಗಿರಬಹುದೇ ಎಂದಳು. ಇಲ್ಲ ಎಂದರು. ಆಗ ಬಾಯಿ ತಪ್ಪಿ ಬಂದಂತೆ, ಆದರೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೇ ಹೇಳಿದಳು. "ಹಿಂದೆ ಕೂತಿದ್ಲಂತೆ, ಮಿಸ್. ಮಕ್ಕಳು ನೋಡಿ... ಒಂದು ಸಲ ಇಣುಕಿದ್ರೆ ಗೊತ್ತಾಗುತ್ತಾ?"

"ನಿಮ್ಮ ಮಗಳ ಉತ್ತರ ತಪ್ಪು, ಅವಳದ್ದು ಸರಿ. ನೋಡಿ ಬರೆದ್ರೆ ಹೇಗೆ ಸರಿಯಾಗುತ್ತಮ್ಮ?" ಎಂದರು ಟೀಚರು.

ಆದರೂ ಟೈಲರಮ್ಮ "ಬೇರೆ ಯಾರದಾದ್ರೂ ನೋಡಿರಬಹುದಲ್ಲ?" ಎಂದುಬಿಟ್ಟಳು. ಟೀಚರು ನಿಟ್ಟುಸಿರುಬಿಟ್ಟು, ಸೋಮವಾರ ಗುಂಡಿಯೊಬ್ಬಳನ್ನೇ ಕೂರಿಸಿ ಹೊಸ ಲೆಕ್ಕ ಕೊಟ್ಟು ನೋಡುತ್ತೇನೆ ಎಂದರು. ಮನೆಗೆ ಬರುವಾಗ ಟೈಲರಮ್ಮನಿಗೆ ಬೇಡ ಬಿಡಿ ಎಂದು ತಿರುಗಿ ಹೋಗಿ ಹೇಳೋಣವೆನ್ನಿಸಿತು, ಹೋಗಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಸೋಮವಾರ ಸಂಜೆ ಗುಂಡಿ ಬ್ಯಾಗನ್ನು ಮೂಲೆಗೆ ಎಸೆದು ಅಡುಗೆಮನೆಗೆ ಓಡಿದಳು. ಒಳಗೆ ಗುಸುಗುಸು, ಬಿಕ್ಕಳಿಕೆ. ಸ್ವಲ್ಪ ಹೊತ್ತಿಗೆ ಚಿಕ್ಕ ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊಲಿಗೆ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕ, ಸ್ಕೂಲಿಗೆ ಹೋಗಿದ್ರಾ?"

"ಹೋಗಿದ್ದೆ. ಚೂಟಿ ವಿಷಯಕ್ಕೆ."

"ಗುಂಡೀನ ಟೀಚರ್‌ಗಳ ರೂಮಲ್ಲಿ ಒಬ್ಬಳನ್ನೇ ಕೂರ್ಸಿ ಲೆಕ್ಕ ಮಾಡ್ಸಿದ್ರಂತೆ. ಕಿಟಕೀಲಿ ಮಕ್ಕಳೆಲ್ಲ ನಿಂತು ಕಾಪಿ ಹೊಡೆದೋಳು ಅಂತ ಕೂಗಿದ್ರಂತೆ."

"ಅಯ್ಯೋ, ನಾನೇನು ಹಂಗೆ ಮಾಡಿ ಅಂದ್ನಾ..."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅಕ್ಕ?" ಚಿಕ್ಕವಳ ದನಿ ಏರಲಿಲ್ಲ, ಏರಿದ್ದರೆ ಟೈಲರಮ್ಮನಿಗೆ ಸುಲಭವಾಗುತ್ತಿತ್ತು. "ಸ್ಕೂಲಿನ ತನಕ ನಡೆದ್ರಿ. ಅಡುಗೆಮನೆ ತನಕ ಬರೋಕಾಗ್ಲಿಲ್ವಾ?"

"ಬಾಯಿಗೆ ಬಂದಂಗೆ ಮಾತಾಡ್ಬೇಡ. ನನ್ನ ಮಗಳು ಕೆಳಗೆ ಬಿದ್ದಿದ್ದಾಳೆ. ನನ್ನ ಸಂಕಟ ನಿನಗೆ ಗೊತ್ತಾಗಲ್ಲ."

"ಗೊತ್ತಾಗುತ್ತೆ. ನನ್ನ ಮಗಳು ಮೊದಲಿಂದ್ಲೂ ಕೆಳಗೇ ಇದ್ಲಲ್ಲ."

ಅತ್ತೆ ನಡುವೆ ಬಂದರು. "ಏನ್ರೇ ಇದು, ಬೀದಿಗೆಲ್ಲ ಕೇಳ್ಸತ್ತೆ. ಇಬ್ಬರೂ ಬಾಯಿ ಮುಚ್ಚಿ."

ಇಬ್ಬರೂ ಬಾಯಿ ಮುಚ್ಚಿದರು. ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಚಿಕ್ಕವಳು ಅಟ್ಟದಿಂದ ಹಳೆಯ ಸಣ್ಣ ಒಲೆ ಇಳಿಸಿ ಹಿಂದಿನ ವರಾಂಡದಲ್ಲಿ ಹೂಡಿದಳು. ಎರಡು ಪಾತ್ರೆ, ನಾಲ್ಕು ತಟ್ಟೆ ಮಾತ್ರ ಎತ್ತಿಕೊಂಡಳು.

"ಅಡುಗೆಮನೆ ನಿಮ್ಮದೇ ಇರ್ಲಿ ಅಕ್ಕ. ನೀವು ಹಿರಿಯರು," ಎಂದಳು.

ಜಗಳವಾಡಿ ಅಡುಗೆಮನೆ ಕಿತ್ತುಕೊಂಡಿದ್ದರೆ ಟೈಲರಮ್ಮ ಎದುರಾಡಬಹುದಿತ್ತು. ಬಿಟ್ಟುಕೊಟ್ಟವಳ ಎದುರು ಏನು ಹೇಳುವುದು? ಆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಯಾವುದೆಂದೂ ಅವಳಿಗೆ ಗೊತ್ತಿರಲಿಲ್ಲ. ಮೊದಲ ದಿನ ಅನ್ನ ಅಂಟಿನಂತಾಯಿತು. ಎರಡನೆಯ ದಿನ ಹಲ್ಲಿಗೆ ಸವಾಲಾಯಿತು. ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಬೇಳೆಯಾ, ಗ್ರೀಸಾ?"

"ಬೇಕಾದ್ರೆ ತಿನ್ನಿ, ಇಲ್ದಿದ್ರೆ ತಮ್ಮನ ಮನೆಗೆ ಹೋಗಿ."

"ತಮ್ಮನ ಮನೆ ಎಲ್ಲಿದೆ?"

"ವರಾಂಡದಲ್ಲಿ!"

ಅವನು ನಿಜವಾಗಿಯೂ ಹೋದ. ಅಣ್ಣ ತಮ್ಮ ಇಬ್ಬರೂ ಏನೂ ಆಗಿಲ್ಲವೆಂಬಂತೆ ವರಾಂಡದ ಮೆಟ್ಟಿಲ ಮೇಲೆ ಕೂತು ಊಟ ಮಾಡಿ, ವ್ಯಾನಿನ ಬ್ರೇಕಿನ ಬಗ್ಗೆ ಹರಟಿದರು. ಅತ್ತೆ ಬೆಳಿಗ್ಗೆ ಒಬ್ಬ ಸೊಸೆಯ ಬಳಿ, ರಾತ್ರಿ ಇನ್ನೊಬ್ಬಳ ಬಳಿ ಉಣ್ಣುತ್ತಿದ್ದರು. "ಬೆಳಿಗ್ಗೆ ಊಟ, ರಾತ್ರಿ ಉಪವಾಸ," ಎಂದು ಪಕ್ಕದ ಮನೆಯವಳಿಗೆ ಹೇಳಿದ್ದು ಟೈಲರಮ್ಮನ ಕಿವಿಗೂ ಬಿತ್ತು. ಮೇಷ್ಟ್ರು ಎರಡೂ ಕಡೆ ಮೂಸಿ ನೋಡಿ ವರಾಂಡದಲ್ಲೇ ಠಿಕಾಣಿ ಹೂಡಿದರು.

ಈ ನಡುವೆ ಹೊಸ ಲೆಕ್ಕದ ಫಲಿತಾಂಶ ಬಂತು. ತಂದವರು ಅತ್ತೆ. "ಎಲ್ಲಾನೂ ಸರಿ ಮಾಡಿದ್ದಾಳಂತೆ ಹುಡುಗಿ. ಈಗೇನಂತೀಯಾ?"

ಅಂದು ಟೈಲರಮ್ಮ ಹೊಲಿದ ತೋಳನ್ನು ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು. ತಪ್ಪು ಮಾಡಿದ್ದೇನೆಂದು ತಿಳಿಯಿತು, ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಅಲ್ಲದೆ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಗುಂಡಿ ಮೇಲೇರಿದ್ದು ಸರಿ, ತನ್ನ ಮಗಳು ಕೆಳಗಿಳಿದದ್ದೇಕೆ? ಎಷ್ಟು ಕೇಳಿದರೂ ಚೂಟಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಕ್ಕಳಿಬ್ಬರೂ ಈಗ ಮಾತಾಡುತ್ತಲೂ ಇರಲಿಲ್ಲ. ಶಾಲೆಗೆ ಹೋಗುವಾಗ ಬೀದಿಯ ಆ ಬದಿಗೊಬ್ಬಳು, ಈ ಬದಿಗೊಬ್ಬಳು.

ಉತ್ತರ ತಾನಾಗಿಯೇ ಬಂತು. ಒಂದು ಭಾನುವಾರ ಮಧ್ಯಾಹ್ನ ಟೈಲರಮ್ಮ ಮಿಷನ್ ತುಳಿಯುತ್ತಿದ್ದಳು. ಕಿಟಕಿಯ ಹೊರಗಿನ ಜಗಲಿಯಲ್ಲಿ ಮಕ್ಕಳು ಜಗಳ ಶುರುಮಾಡಿದ್ದರು, ಮಿಷನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ.

"ನಿನ್ನಿಂದ್ಲೇ ಎಲ್ಲಾ! ನನ್ನನ್ನ ಕಳ್ಳಿ ಅಂದ್ರು," ಗುಂಡಿಯ ಗಂಟಲು.

"ನಾನೇನು ಮಾಡ್ದೆ?"

"ನಿಂಗೆ ಬರೋ ಲೆಕ್ಕ ಯಾಕೆ ತಪ್ಪು ಮಾಡ್ದೆ ಮತ್ತೆ? ನಂಗೊತ್ತು, ಬೇಕೂಂತ ಮಾಡಿದ್ದೀಯ."

ಚೂಟಿ ಹೇಳಿದಳು. "ನೀನು ಬಿ ಸೆಕ್ಷನ್‌ಗೆ ಹೋಗ್ತೀಯ ಅಂತ ಅಮ್ಮ ಅಂದಿದ್ಲಲ್ಲ. ಅಲ್ಲಿ ನಿಂಗೆ ಯಾರೂ ಇರಲ್ಲ. ಅದಕ್ಕೇ ನಾನೂ ಬಂದ್ಬಿಡೋಣ ಅಂತ..."

"ಅಯ್ಯೋ ಪೆದ್ದಿ! ಯಾರು ನಿಂಗೆ ಕೆಳಗೆ ಬಾ ಅಂದಿದ್ದು? ನಿನ್ನ ಜೊತೆ ಇರೋಣ ಅಂತ ನಾನು ಎಷ್ಟು ಕಷ್ಟಪಟ್ಟೆ ಗೊತ್ತಾ? ದಿನಾ ಮಹಡಿ ಮೇಲೆ ಅಮ್ಮ ಮೊದಲು ಪುಸ್ತಕ ನೋಡ್ಕೊಂಡು ತಾನು ಕಲಿತು, ಆಮೇಲೆ ನಂಗೆ ಹೇಳ್ಕೊಡ್ತಿದ್ಲು. ಒಂದೊಂದು ಲೆಕ್ಕಕ್ಕೆ ಅಮ್ಮಂಗೇ ಅಳು ಬರ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಅಮ್ಮ ಹೇಳ್ಬೇಡ ಅಂದ್ಲು. ಬರ್ದೇ ಹೋದ್ರೆ ದೊಡ್ಡಮ್ಮ ನಗ್ತಾರೆ ಅಂತ."

ಮಿಷನ್ ಯಾವಾಗ ನಿಂತಿತೋ ಟೈಲರಮ್ಮನಿಗೇ ತಿಳಿಯಲಿಲ್ಲ. ಹೊರಗೆ ಮಕ್ಕಳು ತಟ್ಟನೆ ಸುಮ್ಮನಾದರು. ಕಿಟಕಿಯಲ್ಲಿ ಎರಡು ತಲೆಗಳು ಇಣುಕಿದವು.

"ಅಮ್ಮಾ, ಕೇಳಿಸ್ತಾ?"

"ಕೇಳಿಸ್ತು," ಎಂದಳು ಟೈಲರಮ್ಮ. "ಇಬ್ಬರೂ ಒಳಗೆ ಬನ್ನಿ."

ಬಂದವರನ್ನು ಬೈಯಲಿಲ್ಲ. ಗುಂಡಿಯ ಕೆದರಿದ ತಲೆಯನ್ನು ಕೈಯಲ್ಲಿ ಸರಿಮಾಡಿದಳು. "ನಾನು ತಪ್ಪು ಮಾಡ್ದೆ ಪುಟ್ಟಿ. ಇವಳನ್ನ ಅಷ್ಟು ಸಲ ಕೇಳ್ದೆ, ನಿನ್ನನ್ನ ಒಂದು ಸಲ ಕೇಳಿದ್ರೆ ಆಗ್ತಿತ್ತು."

"ಪರವಾಗಿಲ್ಲ ದೊಡ್ಡಮ್ಮ," ಎಂದಳು ಗುಂಡಿ. ಆಮೇಲೆ ಯೋಚಿಸಿ, "ಸ್ವಲ್ಪ ಪರವಾಗಿದೆ," ಎಂದಳು.

ಟೈಲರಮ್ಮ ಎದ್ದು ವರಾಂಡಕ್ಕೆ ಹೋದಳು. ಓರಗಿತ್ತಿ ಸಣ್ಣ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಆಲೂಗಡ್ಡೆ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಟೈಲರಮ್ಮ ಎದುರಿಗೆ ನೆಲದ ಮೇಲೇ ಕೂತಳು.

"ನೀನು ಕಲಿತು ಹೇಳಿಕೊಟ್ಯಂತೆ."

"ಯಾರು ಹೇಳಿದ್ರು?"

"ನಾನು ನಗ್ತೀನಿ ಅಂತ ಮುಚ್ಚಿಟ್ಯಂತೆ."

ಚಿಕ್ಕವಳ ಚಾಕು ನಿಂತಿತು. "ನಕ್ಕಿದ್ರಲ್ಲ ಅಕ್ಕ. ಅವತ್ತು ಊಟಕ್ಕೆ ಕೂತಾಗ. ನೀವು ಮರ್ತಿರಬಹುದು."

ಟೈಲರಮ್ಮ ಮರೆತಿದ್ದಳು. ಈಗ ನೆನಪಾಯಿತು. "ನಾಳೆ ನನ್ನ ಜೊತೆ ಸ್ಕೂಲಿಗೆ ಬಾ," ಎಂದಳು. "ನಾನು ಅಲ್ಲಿ ಅಂದ ಮಾತನ್ನ ಅಲ್ಲೇ, ನಿನ್ನ ಮುಂದೇನೇ ವಾಪಸ್ ತಗೋಬೇಕು. ಮಕ್ಕಳ ಮುಂದೇನೂ. ಕಿಟಕೀಲಿ ಕೂಗಿದ್ರಲ್ಲ, ಅವರ ಮುಂದೆ."

"ಬೇಡ ಬಿಡಿ ಅಕ್ಕ, ಆಗಿದ್ದು ಆಯ್ತು."

"ಆಗಿಲ್ಲ ಕಣೇ. ಆಗಿದ್ರೆ ನೀನು ವರಾಂಡದಲ್ಲಿ ಯಾಕೆ ಇರ್ತಿದ್ದೆ?"

ಮರುದಿನ ಇಬ್ಬರೂ ಹೋದರು. ಟೈಲರಮ್ಮ ತರಗತಿಯ ಬಾಗಿಲಲ್ಲಿ ನಿಂತು ಹೇಳಿದಳು. ತಾನೇ ಹೊಲಿದ ನೀಲಿ ಯೂನಿಫಾರಮ್ಮಿನ ಮಕ್ಕಳೆಲ್ಲ ಬಾಯಿಬಿಟ್ಟುಕೊಂಡು ನೋಡಿದರು. "ಗುಂಡಿ ಯಾರದ್ದೂ ನೋಡಿ ಬರೆದಿಲ್ಲ. ತಪ್ಪು ಹೇಳಿದ್ದು ನಾನು, ಅವಳ ದೊಡ್ಡಮ್ಮ." ಗುಂಡಿ ಬೆಂಚಿನ ಕೆಳಗೆ ಮುಖ ಬಚ್ಚಿಟ್ಟುಕೊಂಡಳು, ಆದರೆ ಕಿವಿಯವರೆಗೆ ನಗುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಚೂಟಿಯನ್ನು ಮೇಲಿನ ಸೆಕ್ಷನ್ನಿಗೆ ತೆಗೆದುಕೊಳ್ಳುವಿರಾ ಎಂದು ಕೇಳಿದಾಗ ಟೀಚರು ಆಗದೆಂದು ತಲೆಯಾಡಿಸಿದರು. ವಾರ್ಷಿಕ ಪರೀಕ್ಷೆಯವರೆಗೆ ಏನೂ ಮಾಡುವಂತಿಲ್ಲ. ಬೇಕೆಂದೇ ಬಿದ್ದವಳು ಓದಿಯೇ ಎದ್ದುಬರಲಿ ಎಂದರು. ಟೈಲರಮ್ಮ ಅದಕ್ಕೂ ತಲೆಬಾಗಿಸಿದಳು.

ವಾಪಸು ಬರುವಾಗ ಚಿಕ್ಕವಳು ಬೇಕರಿಯ ತಿರುವಿನ ಹತ್ತಿರ ಬಂದಾಗ ಬಾಯಿಬಿಟ್ಟಳು.

"ಅಕ್ಕ, ಒಂದು ಕೇಳ್ತೀನಿ, ನಗಬಾರದು."

"ಇನ್ನು ಈ ಜನ್ಮದಲ್ಲಿ ನಗಲ್ಲ, ಹೇಳು."

"ಮನೇಲಿ ಕೂತೇ ಓದಿ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಬಹುದಂತೆ. ಟೀಚರನ್ನ ಆಗಲೇ ಮೆಲ್ಲಗೆ ಕೇಳ್ದೆ. ಲೆಕ್ಕ ಮಾಡ್ತಾ ಮಾಡ್ತಾ ನಂಗೆ... ಹೇಗೆ ಹೇಳ್ಲಿ, ರುಚಿ ಹತ್ತಿಬಿಟ್ಟಿದೆ. ಆದ್ರೆ ಬೆಳಿಗ್ಗೆ ಹೊತ್ತು ಬೇಕು. ಬೆಳಿಗ್ಗೆ ಅಡುಗೆ..."

ಟೈಲರಮ್ಮ ರಸ್ತೆಯ ನಡುವೆ ನಿಂತುಬಿಟ್ಟಳು. ಅವಳಿಗೆ ಗಂಡನ ಮುಖ ಕಣ್ಣಮುಂದೆ ಬಂತು, ಗ್ರೀಸಿನಂಥ ಬೇಳೆ ನೆನಪಾಯಿತು, ಬಟ್ಟೆ ಕೊಡಬೇಕಾದ ಗಿರಾಕಿಗಳು ನೆನಪಾದರು.

"ನಾನು ಮಾಡ್ತೀನಿ," ಎಂದಳು. "ತಿನ್ನೋಕೆ ನೀವೆಲ್ಲ ತಯಾರಿದ್ರೆ."

ಆ ವಾರವೇ ವರಾಂಡದ ಒಲೆ ಅಟ್ಟ ಹತ್ತಿತು. ಟೈಲರಮ್ಮ ಬಟ್ಟೆಯ ರಾಶಿಯನ್ನೆಲ್ಲ ಮಂಚದ ಮೇಲೆ ಪೇರಿಸಿ, ಯಾರೂ ಮುಟ್ಟಬಾರದೆಂದು ಕಾಯುತ್ತಿದ್ದ ತನ್ನ ಕತ್ತರಿಸುವ ಮೇಜನ್ನು ಖಾಲಿ ಮಾಡಿಕೊಟ್ಟಳು. ಬೆಳಗಿನ ಹೊತ್ತು ಅದರ ಸುತ್ತ ಮೂವರು ಕೂರುತ್ತಿದ್ದರು: ಎ ಸೆಕ್ಷನ್ನಿನ ಗುಂಡಿ, ಬಿ ಸೆಕ್ಷನ್ನಿನ ಚೂಟಿ, ಯಾವ ಸೆಕ್ಷನ್ನಿಗೂ ಸೇರದ ಚಿಕ್ಕ ಸೊಸೆ. ಅವಳಿಗೆ ಬೀಜಗಣಿತ ತೊಡಕಾದರೆ ಬಿ ಸೆಕ್ಷನ್ನಿನವಳು ಹೇಳಿಕೊಡುತ್ತಿದ್ದಳು. ತಪ್ಪಾದರೆ "ಚಿಕ್ಕಮ್ಮ, ಇನ್ನೊಂದ್ಸಲ ಬರೀರಿ," ಎಂದು ದಬಾಯಿಸುತ್ತಲೂ ಇದ್ದಳು.

ಅಂಥ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಟೈಲರಮ್ಮ ಕೂಗಿದಳು. "ಲೇ, ಮೂರು ಲೋಟ ಅಕ್ಕಿಗೆ ಎಷ್ಟು ನೀರು?"

"ಒಂದಕ್ಕೆ ಎರಡು ಅಕ್ಕ! ನಾನೇ ಬರಲಾ?"

"ಕೂತ್ಕೋ ಅಲ್ಲೇ! ಎದ್ದರೆ ಕಾಲು ಮುರೀತೀನಿ!"

ಅತ್ತೆ ಹೊಸಿಲ ಮೇಲೆ ನಿಂತು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದರು. ಆಮೇಲೆ ಮೆಲ್ಲಗೆ ಬಂದು ದೊಡ್ಡ ಸೊಸೆಯ ಪಕ್ಕ ನಿಂತು, ಪಾತ್ರೆಯೊಳಗೆ ಇಣುಕಿ, "ಇನ್ನೂ ಸ್ವಲ್ಪ ಹುಯ್ಯಿ. ನನ್ನ ಹಲ್ಲು ಯಾವ ಪರೀಕ್ಷೇನೂ ಕಟ್ಟಿಲ್ಲ," ಎಂದರು.

ಟೈಲರಮ್ಮ ನಗುತ್ತಾ ಇನ್ನರ್ಧ ಲೋಟ ನೀರು ಹುಯ್ದು, ಮುಚ್ಚಳ ಮುಚ್ಚಿದಳು.